ಸಪ್ಪಳ ಬಾರದ ಬೆಳ್ಳಿ

ಅಡಿವೆಪ್ಪನ ಮನೆಗೆ ಹೋದವರಿಗೆ ಮೊದಲು ಚಹಾ, ಆಮೇಲೆ ಪನಾಮಾ. ಅಮೆರಿಕಾದ ಫ್ಲೋರಲ್ ಪಾರ್ಕಿನ ಕನ್ನಡದವರಿಗೆಲ್ಲ ಇದು ಗೊತ್ತಿದ್ದ ಸಂಗತಿ. ಚಹಾ ಒಲ್ಲೆನೆಂದರೆ ನಡೆದೀತು, ಪನಾಮಾ ಒಲ್ಲೆನೆಂದರೆ ನಡೆಯುತ್ತಿರಲಿಲ್ಲ.

ಪನಾಮಾ ಅಂದರೆ ಇಷ್ಟೇ. ನಾನೂರು ವರ್ಷಕ್ಕೂ ಹಿಂದೆ ಸ್ಪೇನಿನ ದೊರೆ ಅಲ್ಲೊಂದು ಟಂಕಸಾಲೆ ತೆರೆಸಿದ. ಪೆರುವಿನ ಬೆಳ್ಳಿ ಹೇಸರಗತ್ತೆಗಳ ಬೆನ್ನೇರಿ ಅದೇ ದಾರಿಯಲ್ಲಿ ಹಡಗಿಗೆ ಹೋಗುತ್ತಿತ್ತಲ್ಲ, ಇಲ್ಲೇ ನಾಣ್ಯ ಹೊಡೆದರಾಯಿತು ಅಂದುಕೊಂಡರು. ಎರಡು ಮೂರು ವರ್ಷ ಹೊಡೆದರು, ಬಾಗಿಲು ಹಾಕಿದರು. ಬೇರೆ ಟಂಕಸಾಲೆಗಳ ನಾಣ್ಯ ಬುಟ್ಟಿಗಟ್ಟಲೆ ಸಿಗುತ್ತವೆ. ಪನಾಮಾದ್ದು ಇಡೀ ಜಗತ್ತಿನಲ್ಲಿ ಉಳಿದದ್ದು ಕೆಲವೇ ಡಜನು. ಇದನ್ನೆಲ್ಲ ಅಡಿವೆಪ್ಪ ಹೇಳುವಾಗ ಚಹಾ ಆರಿ ಕೆನೆ ಕಟ್ಟುತ್ತಿತ್ತು. ಕೇಳುವವರು ಗಡಿಯಾರ ನೋಡುತ್ತಿದ್ದರು. ಯಾಕೆಂದರೆ ಇಷ್ಟೆಲ್ಲ ಹೇಳುವ ಅಡಿವೆಪ್ಪನ ಹತ್ತಿರ ಪನಾಮಾದ ನಾಣ್ಯ ಒಂದೂ ಇರಲಿಲ್ಲ! ಮೆಕ್ಸಿಕೋದ್ದಿತ್ತು, ಲಿಮಾದ್ದಿತ್ತು, ಪೊಟೊಸಿಯವು ಎಂಟೋ ಹತ್ತೋ ಇದ್ದವು. ಪನಾಮಾದ್ದು ಪುಸ್ತಕದಲ್ಲಿ ಮಾತ್ರ.

ಮೂವತ್ತು ವರ್ಷದಿಂದ ಆತ ಮ್ಯಾನ್‌ಹ್ಯಾಟನ್ನಿನ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ಕೊಳವೆಗಳ ನಕ್ಷೆ ಬರೆಯುತ್ತಿದ್ದ. ಆತನ ನಂತರ ಸೇರಿದವರು ಮುಂದಿನ ಕೋಣೆಗಳಿಗೆ ಹೋದರು. ಆತ ಕಿಟಕಿಯಿಲ್ಲದ ಮೂಲೆಯಲ್ಲೇ ಉಳಿದ. ಅದನ್ನೂ ಹೇಗೋ ನುಂಗಿಕೊಂಡಿದ್ದ. ಆದರೆ ಈಗ, ತೊಂಬತ್ತೊಂಬತ್ತರಲ್ಲಿ, ಹೊಸ ಪೀಳಿಗೆಯೊಂದು ಬಂದಿಳಿದಿತ್ತು. ಎರಡು ಸಾವಿರದ ಇಸವಿ ಬಂದರೆ ಜಗತ್ತಿನ ಕಂಪ್ಯೂಟರುಗಳೆಲ್ಲ ತಲೆ ಕೆಡಿಸಿಕೊಳ್ಳುತ್ತವಂತೆ, ಅವುಗಳ ತಲೆ ಸರಿ ಮಾಡಲು ಈ ಹುಡುಗರು. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಆಗಲೇ ಷೇರಿನ ಮಾತು. ಇಂಥವರೇ ತುಂಬಿದ್ದ ಪ್ಲೇನ್ಸ್‌ಬರೋದ ವಿಜಯ್ ಅಂಥವನೇ. ಮೈಸೂರಿನ ಕಡೆಯವನು, ಕನ್ನಡ ಕೂಟದಲ್ಲಿ ಪರಿಚಯವಾದವನು. "ಅಂಕಲ್, ನೀವಿನ್ನೂ ಬ್ಯಾಂಕಲ್ಲೇ ದುಡ್ಡಿಟ್ಕೊಂಡು ಕೂತಿದ್ದೀರಾ?" ಎಂದು ನಗುತ್ತಿದ್ದ. ಕೆಟ್ಟ ಹುಡುಗನಲ್ಲ. ಆದರೆ ಆ ನಗೆ ಅಡಿವೆಪ್ಪನಿಗೆ ಕಣ್ಣಲ್ಲಿ ಖಾರದ ಪುಡಿ ಬಿದ್ದ ಹಾಗಾಗುತ್ತಿತ್ತು.

ಇಂಟರ್ನೆಟ್ಟಿನ ಹರಾಜು ತೋರಿಸಿಕೊಟ್ಟವನೂ ವಿಜಯ್‌ನೇ. ಆಗಸ್ಟಿನಲ್ಲಿ ಒಂದು ಭಾನುವಾರ ಆ ಪರದೆಯ ಮೇಲೆ ಪನಾಮಾ ಕಾಣಿಸಿತು. ಸ್ಪೇನಿನ ಎರಡು ರಿಯಾಲಿನ ನಾಣ್ಯ, ನಮ್ಮ ಹಳೆಯ ಎಂಟಾಣೆಯಷ್ಟಗಲ, ಮೈತುಂಬ ಕಪ್ಪು. ಅಡಿವೆಪ್ಪ ಊಟ ಬಿಟ್ಟ, ಸ್ನಾನ ಬಿಟ್ಟ, ನಾಲ್ಕು ದಿನ ಪರದೆ ಬಿಡಲಿಲ್ಲ. ಕಡೆಗೂ ಗೆದ್ದ. ಬೆಲೆಯನ್ನು ಹೆಂಡತಿ ಪ್ರಭಾಗೆ ಅರ್ಧ ಮಾಡಿ ಹೇಳಿದ. ಆ ಅರ್ಧ ಕೇಳಿಯೇ ಆಕೆ ಕುರ್ಚಿ ಹುಡುಕಿಕೊಂಡು ಕುಳಿತಳು.

ನಾಣ್ಯ ಬಂತು. ತಕ್ಕಡಿಗೆ ಹಾಕಿದ, ತೂಕ ಸರಿ. ಭೂತಗನ್ನಡಿ ಹಿಡಿದ, ಅಕ್ಷರ ಸರಿ. ಕಪ್ಪಂತೂ ಮುದಿ ಬೆಳ್ಳಿಯದೇ ಕಪ್ಪು.

"ವಾಲ್ಟರಗ ಒಮ್ಮೆ ತೋರಸ್ರಿ," ಎಂದಳು ಪ್ರಭಾ. ವಾಲ್ಟರ್ ಎಂದರೆ ಹಿಕ್ಸ್‌ವಿಲ್ಲಿನ ನಾಣ್ಯ ಸಂಘದ ಹಿರಿಯ, ಎಂಬತ್ತು ವರ್ಷದವನು.

"ತೋರಸ್ತೀನಿ. ಸಭಾದಾಗ, ಎಲ್ಲಾರ ಮುಂದ," ಎಂದ ಅಡಿವೆಪ್ಪ.

ಸಂಘ ಆತನನ್ನು ನವೆಂಬರಿನ ಸಭೆಯಲ್ಲಿ ಮಾತಾಡಲು ಕರೆದಿತ್ತು. ಇಪ್ಪತ್ತು ನಿಮಿಷ, ಪನಾಮಾ ಟಂಕಸಾಲೆಯ ಮೇಲೆ. ಮೂವತ್ತು ವರ್ಷದಲ್ಲಿ ಈ ದೇಶದಲ್ಲಿ ಯಾರೂ ಆತನನ್ನು ಎದ್ದು ನಿಂತು ಮಾತಾಡು ಎಂದಿರಲಿಲ್ಲ. ಮಾತು ಮುಗಿಸಿ, ಜೇಬಿನಿಂದ ನಾಣ್ಯ ತೆಗೆದು, ಎಲ್ಲರ ಕಣ್ಣೆದುರು ಮೇಜಿನ ಮೇಲಿಡಬೇಕು. ಆ ಒಂದು ಗಳಿಗೆಗಾಗಿ ಆತ ಬದುಕಿದ್ದ ಎಂದರೂ ತಪ್ಪಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಕ್ಕ ಗುರುಸಿದ್ದಮ್ಮ ಬೈಲಹೊಂಗಲದಿಂದ ಬಂದಳು. ಆರು ತಿಂಗಳ ವೀಸಾ. ತಮ್ಮನಿಗಿಂತ ಹತ್ತು ವರ್ಷ ದೊಡ್ಡವಳು. ಇಪ್ಪತ್ತೆರಡಕ್ಕೇ ಗಂಡ ತೀರಿಹೋಗಿ ತವರಿಗೆ ಮರಳಿದ್ದಳು. ಅತ್ತೆಮನೆಯವರು ಮೈಮೇಲಿನ ಒಡವೆಯನ್ನೆಲ್ಲ ಬಿಚ್ಚಿಸಿಕೊಂಡು, ಕೊರಳಲ್ಲಿನ ಲಿಂಗದ ಕರಡಿಗೆಯೊಂದನ್ನು ಮಾತ್ರ ಬಿಟ್ಟಿದ್ದರು. ಅಪ್ಪ ಮದುವೆಯಲ್ಲಿ ಮಾಡಿಸಿಕೊಟ್ಟ ಬೆಳ್ಳಿಯ ಕರಡಿಗೆ ಅದು. ಶಿವನ ಮನೆ, ಅದಕ್ಕೆ ಕೈ ಹಾಕಲು ಅವರಿಗೂ ಧೈರ್ಯ ಬರಲಿಲ್ಲ.

ಅಪ್ಪನದು ಬೆಲ್ಲದ ಅಂಗಡಿ. ಗುರುಸಿದ್ದಮ್ಮ ಹುಡುಗಿಯಾಗಿದ್ದಾಗ ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು ಬಂದ ರೂಪಾಯಿಗಳನ್ನೆಲ್ಲ ಕಲ್ಲಿನ ಮೇಲೆ ಚಿಮ್ಮುತ್ತಿದ್ದಳು. ಖಣ್ ಎಂದರೆ ಒಳಗೆ, ಇಲ್ಲದಿದ್ದರೆ ಕೊಟ್ಟವನ ಮುಖಕ್ಕೆ. ಖೊಟ್ಟಿ ರೂಪಾಯಿಯೊಂದೂ ಆ ಹುಡುಗಿಯ ಕಿವಿ ದಾಟಿ ಪೆಟ್ಟಿಗೆಗೆ ಇಳಿದದ್ದಿಲ್ಲ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆ ಸದ್ದು ಕೇಳಿಕೊಂಡೇ ಪುಟ್ಟ ಅಡಿವೆಪ್ಪನಿಗೆ ನಾಣ್ಯದ ಹುಚ್ಚು ಹಿಡಿದದ್ದು. ಅದನ್ನಾತ ಯಾವತ್ತೋ ಮರೆತಿದ್ದ.

ಅಕ್ಕನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಬಂದ ಮರುದಿನದಿಂದಲೇ ಪ್ರಭಾಳ ಪಾತ್ರೆ, ದೀಪದ ಸಮೆ, ದೇವರ ಸಾಮಾನು ಎಲ್ಲ ಹೊರಗೆ ಬಂದವು. ಹುಣಸೆಹಣ್ಣು ಹಿತ್ತಾಳೆಗೆ, ವಿಭೂತಿ ಬೆಳ್ಳಿಗೆ. "ಮೂವತ್ತು ವರ್ಷದ್ದು ಅಮೆರಿಕಾದ ಹೊಲಸು ತೆಗದ್ರು ಅಕ್ಕಾರು," ಎಂದು ಪ್ರಭಾ ನಕ್ಕಳು.

ದೀಪಾವಳಿ ಅಮಾವಾಸ್ಯೆಯ ಹಿಂದಿನ ದಿನ ಅಡಿವೆಪ್ಪ ಪುಟ್ಟ ಡಬ್ಬಿ ತೆರೆದು ಅಕ್ಕನಿಗೆ ನಾಣ್ಯ ತೋರಿಸಿದ. "ನಾನೂರು ವರ್ಷದ ಬೆಳ್ಳಿ, ಅಕ್ಕಾ. ನಾಳೆ ಪೂಜೆಗೆ ಬಂದವರಿಗೆ ತೋರಸೂದೈತಿ. ಮುಂದಿನ ಶನಿವಾರ ಸಭಾದಾಗ ಇಡೂದು."

ಗುರುಸಿದ್ದಮ್ಮ ಕಣ್ಣಿಗೆ ಹಿಡಿದು ನೋಡಿದಳು. "ಅಯ್ಯ ಶಿವನ, ಲಕ್ಷ್ಮೀನ ಎಷ್ಟ್ ಕರ್ರಗ ಬಿಟ್ಟಾರಲ್ಲೋ!" ಎಂದಳು. ಅಡಿವೆಪ್ಪ ಮೆಚ್ಚುಗೆಯೆಂದು ತಿಳಿದು ಡಬ್ಬಿ ಮುಚ್ಚಿ ಮೇಜಿನ ಮೇಲೆಯೇ ಇಟ್ಟ. ಆ ಕಪ್ಪೇ ನಾಣ್ಯದ ಜೀವ, ಅದನ್ನು ತಿಕ್ಕಿದರೆ ಸಾವಿರಗಟ್ಟಲೆ ಬೆಲೆಯ ನಾಣ್ಯ ಸಂತೆಯ ಬಿಲ್ಲೆಯಾಗುತ್ತದೆ ಎಂಬುದು ನಾಣ್ಯದವರಿಗೆ ಅಆಇಈ. ಅಕ್ಕನಿಗೆ ಹೇಳಬೇಕೆಂದು ಆತನಿಗೆ ಹೊಳೆಯಲೂ ಇಲ್ಲ. ನಮ್ಮ ಮನೆಗಳಲ್ಲಿ ಅಮಾವಾಸ್ಯೆಗೆ ಬೆಳ್ಳಿ ತಿಕ್ಕದೆ ಇಡುವ ಹೆಂಗಸು ಯಾರಿದ್ದಾಳೆ? ಅದಾದರೂ ಆತನಿಗೆ ಹೊಳೆಯಬಾರದಿತ್ತೇ?

ಮರುದಿನ ಭಾನುವಾರ, ನಾಲ್ಕು ಗಂಟೆಗೆ ಪೂಜೆಗೆ ಜನ ಸೇರಿದರು. ವಿಜಯ್ ಬಂದ, ಅವನ ಹೆಂಡತಿ ಹುಬ್ಬಳ್ಳಿಯ ಮಾಧವಿ ಬಂದಳು, ಕೂಟದ ಇನ್ನೂ ಹತ್ತು ಮಂದಿ. ಅಡಿವೆಪ್ಪ ಹೊಸ ಜುಬ್ಬಾ ಹಾಕಿಕೊಂಡು, "ಬರ್ರಿ, ಬರ್ರಿ, ಇವತ್ತ ಬರೇ ಮಾತಲ್ಲ, ಮಾಲೇ ಐತಿ," ಎನ್ನುತ್ತ ಡಬ್ಬಿ ತೆರೆದ. ಡಬ್ಬಿ ಖಾಲಿ.

"ಪ್ರಭಾ!" ಎಂದ ಕೂಗಿಗೆ ದೇವರ ಮುಂದೆ ಕುಳಿತಿದ್ದ ಗುರುಸಿದ್ದಮ್ಮ ತಿರುಗಿದಳು. "ಯಾಕೋ ತಮ್ಮಾ? ಇಲ್ಲೈತಿ ನೋಡು." ತಟ್ಟೆಯಲ್ಲಿ ಅಕ್ಕಿ, ಅಕ್ಕಿಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಪನಾಮಾ ಕುಳಿತಿತ್ತು. ಬೆಳ್ಳಗೆ, ಫಳಫಳನೆ, ಇವತ್ತೇ ಅಂಗಡಿಯಿಂದ ತಂದಂತೆ.

ಅಡಿವೆಪ್ಪ ಅಕ್ಕಿಯ ಮೇಲಿಂದ ಅದನ್ನೆತ್ತಿ ಬೆಳಕಿಗೆ ಹಿಡಿದ.

"ಅಮಾಸಿ ದಿನ ಲಕ್ಷ್ಮೀನ ಕರೇ ಮಾರೀಲೆ ಕೂಡಸಬಾರ್ದೋ," ಎಂದಳು ಅಕ್ಕ, ಇನ್ನೂ ನಗುತ್ತ. "ಮೊದಲ ಹುಣಸಿಹಣ್ಣು ಹಚ್ಚಿದೆ, ಆಮ್ಯಾಲ ವಿಭೂತಿಲೆ ತಿಕ್ಕಿದೆ. ಹೆಂಗಾಗೈತಿ?"

"ಹಾಳಾಗೈತಿ!" ಎಂದು ಕಿರುಚಿದ ಅಡಿವೆಪ್ಪ. "ಹಾಳ ಮಾಡಿದಿ! ಇದರ ಬೆಲಿ ಗೊತ್ತೈತೇನು ನಿನಗ? ಆರು ಸಾವಿರ ಡಾಲರ್!"

ಪೂರ್ತಿ ಬೆಲೆ ಕೇಳಿ ಪ್ರಭಾ ಗೋಡೆ ಹಿಡಿದಳು. ಗುರುಸಿದ್ದಮ್ಮನ ನಗೆ ಇಳಿಯಿತು. ಸುತ್ತ ನಿಂತವರನ್ನು ನೋಡಿದಳು, ತಮ್ಮನನ್ನು ನೋಡಿದಳು, ಆಮೇಲೆ ಮೆಲ್ಲಗೆ, "ತಮ್ಮಾ, ಸಿಟ್ಟಾಗಬ್ಯಾಡ, ಒಂದ್ ಮಾತ್ ಹೇಳ್ಲ್ಯಾ? ಅಡಗಿ ಕಟ್ಟಿ ಮ್ಯಾಲ ಅದನ್ನ ಚಿಮ್ಮಿದೆ. ಸಪ್ಪಳ ಬರ್ಲಿಲ್ಲ. ಕರೇದೂ ಬಣ್ಣ ಎದ್ದಂಗ ಎದ್ದು ಬಂತು. ಖರೇ ಬೆಳ್ಳಿ ಹಂಗ..." ಎಂದಳು.

ಅಷ್ಟರಲ್ಲಿ ವಿಜಯ್ ತುಟಿ ಕಚ್ಚಿಕೊಂಡದ್ದು ಅಡಿವೆಪ್ಪನ ಕಣ್ಣಿಗೆ ಬಿತ್ತು. ನಗೆ ತಡೆದನೋ, ಅಯ್ಯೋ ಅಂದುಕೊಂಡನೋ, ಯಾರಿಗೆ ಗೊತ್ತು? ಅಡಿವೆಪ್ಪನಿಗೆ ನಗೆಯೆಂದೇ ಕಂಡಿತು.

"ಬಾಯಿ ಮುಚ್ಚು!" ಎಂದ. "ಬೆಲ್ಲದಂಗಡ್ಯಾಗ ಕುಂತಾಕಿ ನನಗ ನಾಣ್ಯ ಕಲಸ್ತಿಯೇನು? ನೀ ಕೈ ಹಚ್ಚಿದ್ದು ಯಾವುದು ಉಳದೈತಿ ಹೇಳು. ಗಂಡ ಉಳದನೇನು? ಮನಿ ಉಳೀತೇನು? ಇಲ್ಲೀಮಟಾ ಬಂದು ನನ್ನದೂ ತೊಳದಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೋಣೆಯಲ್ಲಿ ಹನ್ನೆರಡು ಜನ, ಒಬ್ಬರಿಗೂ ಎತ್ತ ನೋಡಬೇಕೆಂದು ತಿಳಿಯಲಿಲ್ಲ. ಗುರುಸಿದ್ದಮ್ಮ ಅಳಲಿಲ್ಲ. ಆರತಿ ತಟ್ಟೆಯನ್ನು ಪ್ರಭಾಳ ಮುಂದೆ ಸರಿಸಿ, "ನೀನ ಬೆಳಗವಾ," ಎಂದು ಎದ್ದು ಒಳಗೆ ಹೋದಳು.

ಅಂದಿನಿಂದ ಆಕೆ ಆ ಮನೆಯಲ್ಲಿ ಏನನ್ನೂ ಮುಟ್ಟಲಿಲ್ಲ. ಎರಡೂ ಕೈ ಉಡಿಯಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂರುತ್ತಿದ್ದಳು. ನೀರು ಬೇಕಾದರೆ, "ಪ್ರಭವ್ವಾ, ಆ ಲೋಟ ತಗೊಳ್ಳಲೇನ?" ಎಂದು ಕೇಳುತ್ತಿದ್ದಳು. ಲೋಟ ತೆಗೆದುಕೊಳ್ಳಲು ಅಪ್ಪಣೆ! ಪ್ರಭಾ ತಾನೇ ನೀರು ತುಂಬಿ ಕೈಗೆ ಕೊಡುತ್ತಿದ್ದಳು. "ಒಂದ್ ಮಾತ್ ಆಡ್ರೀ ಅಕ್ಕಾರ ಕೂಡ," ಎಂದು ಗಂಡನಿಗೆ ಹೇಳಿ ಹೇಳಿ ಸೋತಳು. ಅಡಿವೆಪ್ಪ ಸಂಘಕ್ಕೆ ಫೋನ್ ಮಾಡಿ ಮೈಯಲ್ಲಿ ಹುಷಾರಿಲ್ಲ, ಮಾತಾಡಲು ಬರಲಾರೆ ಎಂದಿದ್ದ. ಆ ಶನಿವಾರ ಇಡೀ ದಿನ ಟೀವಿಯ ಮುಂದೆ ಕುಳಿತು ಏನನ್ನೂ ನೋಡಲಿಲ್ಲ. ಎರಡು ವಾರಕ್ಕೆ ಅಕ್ಕ ಟಿಕೆಟ್ಟು ಬದಲಿಸಿಕೊಂಡು ಹೊರಟಳು. ವಿಮಾನ ನಿಲ್ದಾಣದಲ್ಲಿ ಅಡಿವೆಪ್ಪ ಕಾಲಿಗೆ ಬಗ್ಗಿದಾಗ ತಲೆ ಮುಟ್ಟಿ ಹರಸಲಿಲ್ಲ. ಕೈ ಎತ್ತಿದಳು, ಗಾಳಿಯಲ್ಲೇ ತಡೆದಳು. "ಛಲೋ ಇರಪಾ," ಎಂದಳು.

ಡಿಸೆಂಬರಿನಲ್ಲಿ ಅಡಿವೆಪ್ಪ ನಾಣ್ಯ ಹಿಡಿದು ಹಿಕ್ಸ್‌ವಿಲ್ಲಿಗೆ ರೈಲು ಹತ್ತಿದ. ವಾಲ್ಟರನಿಗೆ ಕಪ್ಪು ಮರಳಿ ತರುವ ಉಪಾಯವೇನಾದರೂ ಗೊತ್ತಿದ್ದೀತು ಎಂಬ ಆಸೆ. ವಾಲ್ಟರ್ ಅಡಿಗೆಮನೆಯ ಮೇಜಿನ ಮೇಲೆ ದೀಪ ಎಳೆದುಕೊಂಡು ನಾಣ್ಯದ ಅಂಚನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲೆ ಬಿಟ್ಟ. ಟಪ್ ಎಂದಿತು. ತನ್ನ ಜೇಬಿನ ಹಳೆಯ ಬೆಳ್ಳಿ ಡಾಲರೊಂದನ್ನು ಬಿಟ್ಟ. ಖಣ್ ಎಂದಿತು.

ಆ ಖಣ್ ಕೇಳಿದೊಡನೆ ಅಡಿವೆಪ್ಪನಿಗೆ ಬೈಲಹೊಂಗಲದ ಕಲ್ಲು, ಬೆಲ್ಲದ ವಾಸನೆ, ಎರಡು ಜಡೆಯ ಅಕ್ಕ ಎಲ್ಲ ಒಮ್ಮೆಗೇ ನೆನಪಾಯಿತು.

"ಖೋಟಾ. ಹೊಡೆದ ನಾಣ್ಯವಲ್ಲ, ಅಚ್ಚಿಗೆ ಸುರಿದು ಮಾಡಿದ್ದು," ಎಂದ ವಾಲ್ಟರ್. "ಅಂಚಿನಲ್ಲಿ ಗೆರೆ ನೋಡು. ಬೆಳ್ಳಿಯೂ ಅಲ್ಲ, ಯಾವುದೋ ಬಿಳಿ ಲೋಹ. ಇದೇ ಅಚ್ಚಿನದು ಈ ವರ್ಷ ನಾನು ನೋಡುತ್ತಿರುವ ಮೂರನೆಯದು. ಗೆರೆ ಮುಚ್ಚಲು ಮೇಲೆ ಕಪ್ಪು ಬಣ್ಣ ಬಳಿದಿರುತ್ತಾರೆ. ಇದನ್ನು ತಿಕ್ಕಿದವರು ಯಾರು?"

"ನನ್ನ ಅಕ್ಕ."

"ಜಾಣೆ ಇರಬೇಕು. ನಿನ್ನ ಮಾನ ಉಳಿಸಿದಳು. ಸಭೆಯಲ್ಲಿ ಇಟ್ಟಿದ್ದರೆ ಏನಾಗುತ್ತಿತ್ತು?"

ಏನಾಗುತ್ತಿತ್ತು! ಅಡಿವೆಪ್ಪ ರೈಲಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ. ನಿಜ ಹೇಳುತ್ತೇನೆ, ಹಿಕ್ಸ್‌ವಿಲ್ಲಿನಲ್ಲಿ ರೈಲು ಹತ್ತಿದಾಗ ಆತನ ಮನಸ್ಸಿನಲ್ಲಿ ಇದ್ದದ್ದು ಅಕ್ಕನೇ. ಮನೆಗೆ ಹೋದವನೇ ಫೋನು ಮಾಡುತ್ತೇನೆ, ತಪ್ಪಾಯಿತು ಎನ್ನುತ್ತೇನೆ ಅಂದುಕೊಂಡಿದ್ದ. ಒಂದೊಂದು ಸ್ಟೇಷನ್ ದಾಟುತ್ತ ಬಂದಂತೆ ಅಕ್ಕ ಹಿಂದಾದಳು, ವಿಜಯ್‌ನ ತುಟಿ ಮುಂದಾಯಿತು. ಮೂವತ್ತು ವರ್ಷ ನಾಣ್ಯ ನೋಡಿದವನಿಗೆ ಕಂಪ್ಯೂಟರಿನಲ್ಲಿ ಟೋಪಿ ಹಾಕಿದರಂತೆ! ಓದು ಬಾರದ ಮುದುಕಿ ಅಡಿಗೆ ಕಟ್ಟೆಯ ಮೇಲೆ ಚಿಮ್ಮಿ ಹಿಡಿದದ್ದು ಇವನಿಗೆ ತಿಳಿಯಲಿಲ್ಲವಂತೆ! ಮಾರಿದವನ ಮೇಲೆ ದೂರು ಕೊಡಬೇಕೆಂದರೂ ಆ ಹರಾಜಿನ ಪುಟಕ್ಕೆ ಹೋಗಲು ವಿಜಯ್‌ನನ್ನೇ ಕರೆಯಬೇಕು. ಫ್ಲೋರಲ್ ಪಾರ್ಕಿನಲ್ಲಿ ಇಳಿಯುವ ಹೊತ್ತಿಗೆ ಎಲ್ಲ ತೀರ್ಮಾನವಾಗಿತ್ತು.

"ಏನಂದ್ರು ವಾಲ್ಟರ್?" ಎಂದು ಕೇಳಿದಳು ಪ್ರಭಾ.

"ಏನಂತಾನ? ಅಪರೂಪದ ನಾಣ್ಯ, ತಿಕ್ಕಿದ್ದಕ್ಕ ಹೋತು ಅಂದ."

ಆಮೇಲೆ ಈ ಕತೆಗೆ ಕೈಕಾಲು ಬಂದವು. ಕೂಟದ ಊಟದಲ್ಲಿ, ಹುಟ್ಟುಹಬ್ಬದಲ್ಲಿ, ಜನವರಿಯ ಸಂಕ್ರಾಂತಿಯಲ್ಲಿ ಜನ ತಾವಾಗಿಯೇ ಕೇಳತೊಡಗಿದರು. "ಆರು ಸಾವಿರದ ನಾಣ್ಯ ತಿಕ್ಕಿಬಿಟ್ರಂತಲ್ಲ ನಿಮ್ಮಕ್ಕ, ಛೆ!" ಗಡಿಯಾರ ನೋಡುತ್ತಿದ್ದವರು ಈಗ ಬಾಯಿ ತೆರೆದು ಕೇಳುತ್ತಿದ್ದರು. ವಿಜಯ್ ಕೂಡ, "ಸೋ ಸ್ಯಾಡ್ ಅಂಕಲ್, ಎಂಥಾ ಪೀಸು ನಿಮ್ಮ ಹತ್ರ ಇತ್ತು," ಎಂದು ಭುಜ ಮುಟ್ಟಿದ. ಅಡಿವೆಪ್ಪ ನಿಟ್ಟುಸಿರು ಬಿಟ್ಟು, "ಏನ್ ಮಾಡೂದು, ಹಳ್ಳೀ ಹೆಣಮಗಳು, ಪಾಪ," ಎನ್ನುವುದನ್ನು ಕಲಿತ. ಹೇಳಿ ಹೇಳಿ ಕೆಲವೊಮ್ಮೆ ಆತನೂ ಅದನ್ನೇ ನಂಬುತ್ತಿದ್ದ.

ಫೆಬ್ರವರಿಯಲ್ಲಿ ಮಾಧವಿ ಹುಬ್ಬಳ್ಳಿಗೆ ಹೋಗಿ ಬಂದಳು. ಬಂದ ಭಾನುವಾರವೇ ಒಂದು ಗಂಟು ಹಿಡಿದು ಮನೆಗೆ ಬಂದಳು.

"ಆಂಟಿ, ನಾ ಬಂದ ಸುದ್ದಿ ಕೇಳಿ ನಿಮ್ಮ ಅಕ್ಕಾರು ಬಸ್ ಹತ್ತಿ ನಮ್ಮ ಮನಿಗೆ ಬಂದಿದ್ರು, ಇದನ್ನ ಕೊಡಾಕ. ಶೋಕೇಸ್ ಹತ್ರ ಕೂಡಾಕ ಒಲ್ಲೆ ಅಂದ್ರು. ಚಹಾ ಕಪ್ ಹಿಡ್ಯಾಕೂ ಅಂಜತಿದ್ರು. ನಮ್ಮವ್ವ ಸ್ಟೀಲ್ ವಾಟಗದಾಗ ಕೊಟ್ಳು." ಹೇಳುವಾಗ ಮಾಧವಿ ಅಡಿವೆಪ್ಪನ ಮುಖ ನೋಡಲಿಲ್ಲ. ಚಹಾಕ್ಕೂ ನಿಲ್ಲದೆ ಹೊರಟುಹೋದಳು.

ಪ್ರಭಾ ಗಂಟು ಬಿಚ್ಚಿದಳು. ಹಳೆಯ ಇಳಕಲ್ ಸೀರೆಯ ತುಂಡು, ಅದರೊಳಗೆ ಬೆಳ್ಳಿಯ ಕರಡಿಗೆ. ಐವತ್ತು ವರ್ಷ ಎದೆಗೆ ತಾಗಿ ತಾಗಿ ನುಣುಪಾದದ್ದು. ತಿಕ್ಕಿರಲಿಲ್ಲ. ಕಪ್ಪು ಹಾಗೆಯೇ ಇತ್ತು.

"ಇದು ಅಕ್ಕಾರ ಕರಡಿಗಿ ಅಲ್ರೀ?" ಪ್ರಭಾ ಅದನ್ನು ತೆರೆದು ನೋಡಿದಳು, ಒಳಗೆ ಖಾಲಿ. "ಹಂಗಾರ ಲಿಂಗ ಎದರಾಗ ಇಟ್ಕೊಂಡಾರ?"

ಅಡಿವೆಪ್ಪ ಫೋನ್ ಕಾರ್ಡಿನ ಉದ್ದದ ನಂಬರು ಒತ್ತಿದ. ಪ್ರಭಾ ಪಕ್ಕದಲ್ಲೇ ನಿಂತಳು. ಬೈಲಹೊಂಗಲದಲ್ಲಿ ಯಾರೋ ಎತ್ತಿ, ಅಕ್ಕನನ್ನು ಕರೆದರು.

"ಮುಟ್ಟಿತೇನೋ ತಮ್ಮಾ?"

"ಮುಟ್ಟಿತು. ಅಕ್ಕಾ, ಇದನ್ಯಾಕ ಕಳಿಸಿದಿ? ಲಿಂಗ..."

"ಅರಿವ್ಯಾಗ ಕಟ್ಕೊಂಡೀನಿ. ಶಿವಗ ಬೆಳ್ಳಿ ಬೇಕಂತೇನೈತಿ?" ಎಂದಳು ಗುರುಸಿದ್ದಮ್ಮ. ದನಿ ಹಗುರಾಗಿತ್ತು. "ಬೆಲಿಗೆ ಬೆಲಿ ಕೊಡಾಕ ನನ್ನ ಹತ್ರ ಏನೂ ಇಲ್ಲಪಾ. ಬೆಳ್ಳಿಗೆ ಬೆಳ್ಳಿ ಕೊಟ್ಟೀನಿ. ಕರೇದು ಹಂಗ ಬಿಟ್ಟೀನಿ, ನಿಮ್ಮ ಮಂದೀಗೆ ಕರೇದ ಬೇಕಲ್ಲ. ತೂಕಾ ಸಾಲತೈತೇನು ನೋಡು."

ಹೇಳಬೇಕಿದ್ದ ಮಾತು ಅಡಿವೆಪ್ಪನ ನಾಲಗೆಯ ತುದಿಗೆ ಬಂದಿತ್ತು. ಒಂದೇ ಮಾತು. ನೀ ಹೇಳಿದ್ದು ಖರೇ ಇತ್ತು ಅಕ್ಕಾ. ಅಷ್ಟೇ ಸಾಕಿತ್ತು. ಎದುರಿಗೆ ಪ್ರಭಾ ನಿಂತಿದ್ದಳು, ಪ್ರಭಾಳ ಹಿಂದೆ ಮಾಧವಿ, ವಿಜಯ್, ಕೂಟ, ಇಡೀ ಪ್ಲೇನ್ಸ್‌ಬರೋ.

"ಸಾಲತೈತಿ," ಎಂದ.

"ಸಾಲತೈತಿ ಅಂದ್ರ ಆತು, ಮನಸ್ಸು ಹಗರಾತು," ಎಂದಳು ಅಕ್ಕ. ಮತ್ತೆ, "ಸಪ್ಪಳ ಬರ್ಲಿಲ್ಲ ಅಂತ ಮಂದಿ ಮುಂದ ಅಂದ್ನಲ್ಲಾ ಅವತ್ತ, ಅದೂ ತಪ್ಪಾತು. ವಯಸ್ಸಾತು ನೋಡು, ಕಿವಿ ಕೆಟ್ಟಾವು. ಹೊಟ್ಟ್ಯಾಗ ಹಾಕ್ಕೋಪಾ," ಎಂದಳು.

ಅಡಿವೆಪ್ಪ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಅದು ಕೈಯ ಬಿಸಿಗೆ ಬೆಚ್ಚಗಾಗಿತ್ತು.

"ಇರ್ಲಿ ಬಿಡಕ್ಕಾ," ಎಂದ. "ಆದದ್ದು ಆತು."

ಫೋನ್ ಇಟ್ಟ. ಪ್ರಭಾ ಸೆರಗಿನಿಂದ ಕಣ್ಣೊರೆಸಿಕೊಂಡು, "ಇವತ್ತಾದ್ರೂ ಸಿಟ್ಟು ಬಿಟ್ರಲ್ಲ," ಎಂದಳು. "ದೊಡ್ಡ ಮನಸ್ಸು ಮಾಡಿದ್ರಿ."